ಖಾಲಾನ ತೊಲೆ, ನಮ್ಮ ಕಂಬ

ಭಾಲ್ಕಿಯಲ್ಲಿ ನಮಗೆ ಪರಿಚಯವಿದ್ದ ಮೆಥಡಿಸ್ಟ್ ಕ್ರೈಸ್ತ ನರ್ಸಮ್ಮ ಒಬ್ಬರು ವರ್ಷ ಮುಗಿದ ಮೇಲೆ ತಮ್ಮ ಮನೆಯ ಕ್ಯಾಲೆಂಡರನ್ನು ನನಗೆ ಕೊಡುತ್ತಿದ್ದರು. ಹಾಳೆಗಳು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗುತ್ತಿದ್ದವು. ಒಂದು ಸಲ ಅದರಲ್ಲಿ ವಿಲಾಯತಿಯ ಹಳ್ಳಿಮನೆಯೊಂದರ ಚಿತ್ರ ಬಂತು. ಮನೆಯ ಮೈತುಂಬ ಕರಿ ಕರಿ ಕಂಬ, ತೊಲೆ, ಓರೆಯಾಗಿ ಕೊಟ್ಟ ಆಸರೆ ಕಟ್ಟಿಗೆ. ನಡುನಡುವೆ ಬಿಳೀ ಸುಣ್ಣದ ಗೋಡೆ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಒಂದು ಮೊಳ ಮುಂದೆ ಬಂದಿತ್ತು.

ನಮ್ಮ ಅತ್ತೆ ಆಗ ಮುದುಕಿ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಪಾಪ, ಇವರ ಮನಿ ಗ್ವಾಡಿನೂ ಬಿದ್ದಾವೇನು?"

ಬಿದ್ದಿಲ್ಲ, ಆ ದೇಶದಲ್ಲಿ ಹಾಗೇ ಕಟ್ಟುತ್ತಾರೆ, ಕಂಬ ಕಾಣುವಂತೆ ಬಿಟ್ಟು ನಡುವಿನ ಜಾಗಕ್ಕೆ ಮಣ್ಣು ತುಂಬಿ ಸುಣ್ಣ ಹಚ್ಚುತ್ತಾರೆ ಎಂದು ನರ್ಸಮ್ಮ ಹೇಳಿದ್ದನ್ನೇ ನಾನೂ ಹೇಳಿದೆ. ಅತ್ತೆ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಹಿಂಗ ಕಂಬೆಲ್ಲಾ ಹೊರಗ ಕಂಡ್ರ ಸುಳ್ಳ ಹೇಳ್ಲಾಕ ಬರಲ್ಲಲ್ಲ" ಅಂದು ನಕ್ಕರು. ನಗು ನಿಲ್ಲಲೇ ಇಲ್ಲ. ಕೊನೆಗೆ ಕಣ್ಣು ಒರೆಸಿಕೊಂಡರು.

ಅವರು ಯಾಕೆ ನಕ್ಕರು, ಯಾಕೆ ಅತ್ತರು ಎನ್ನುವುದು ಸಾಯಗಾಂವದಲ್ಲಿ ಗೋಡೆಗೆ ಗೋಡೆ ಹಚ್ಚಿ ನಿಂತ ಎರಡು ಮನೆಗಳ ಕಥೆ. ಒಂದು ನಮ್ಮದು, ಇನ್ನೊಂದು ನೆರೆಯ ಮುಸಲ್ಮಾನ ಹೆಂಗಸು ಖಾಲಾನದು. ನಮ್ಮ ಮನೆಯನ್ನು ಖಾಲಾ ಉಳಿಸಿದರು. ಅದಕ್ಕೆ ಬದಲಾಗಿ ಅವರ ಮನೆಯನ್ನು ಉಳಿಸುವುದು ಅತ್ತೆಯ ಪಾಲಿಗೆ ಬಂತು. ಉಳಿಸಲು ಅವರ ಕೈಯಲ್ಲಿ ಇದ್ದದ್ದು ಒಂದು ಸುಳ್ಳು ಮಾತ್ರ.

ನನ್ನ ತವರು ಔರಾದ ತಾಲೂಕಿನ ಚಿಂತಾಕಿ. ನಮ್ಮ ಕಡೆ ಮನೆಯನ್ನು ಅಳೆಯುವುದು ಖಣದ ಲೆಕ್ಕದಲ್ಲಿ. ಎರಡು ಕಂಬಗಳ ನಡುವಿನ ಜಾಗ ಅಂದರೆ ಒಂದು ಖಣ. ಹೆಣ್ಣು ಕೊಡುವಾಗ ಹೊಲ ಎಷ್ಟು, ಕುರಿ ಎಷ್ಟು ಅಂತ ಕೇಳಿದ ಮೇಲೆ ಖಣ ಎಷ್ಟು ಅಂತಲೂ ಕೇಳುತ್ತಾರೆ. ಸಾಯಗಾಂವದವರದು ಐದು ಖಣದ ಮನೆ, ಅದೂ ಸಾಗವಾನಿಯದು ಎಂದು ಕೇಳಿದ ಮೇಲೆ ನಮ್ಮಪ್ಪ ಹುಡುಗನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನನ್ನ ಪುಣ್ಯ, ಹುಡುಗನೂ ಚೆನ್ನಾಗಿದ್ದ.

ಆ ಕಟ್ಟಿಗೆಯೇ ಅತ್ತೆಯ ಜೀವ. ಮದುವೆಯಾದ ಹೊಸತರಲ್ಲಿ ಅವರೂ ಮಾವನೂ ಹಿಂಡಿನ ಅರ್ಧ ಕುರಿ ಮಾರಿ, ಗೋದಾವರಿಯ ಆಚೆಯ ಕಾಡಿನಿಂದ ಗಾಡಿಯ ಮೇಲೆ ಅದನ್ನು ತಂದಿದ್ದರಂತೆ. ಮಾವ ತೀರಿಹೋದ ಮೇಲೆ ಅತ್ತೆ ಆ ಕಂಬಗಳನ್ನು ಗಂಡನ ಸಮಾನ ನೋಡುತ್ತಿದ್ದರು. ಮಾವನಿಗೆ ಬೈಯುತ್ತಿದ್ದರು ಅಂತ ಕೇಳಿದ್ದೇನೆ, ಕಂಬಕ್ಕೆ ಬೈದದ್ದನ್ನು ನಾನು ಕೇಳಿಲ್ಲ.

ನಾನು ಬಂದ ಮೊದಲ ವಾರವೇ ಅವರು ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮನೆಯ ಪಾಠ ಹೇಳಿದರು. "ನೋಡವ್ವಾ, ಮನಿ ಹೊರೂದು ಕಂಬ. ಗ್ವಾಡಿ ಅಂದ್ರ ಮನಿ ತೊಟ್ಟ ಅಂಗಿ. ಹರಿದ್ರ ಹೊಲಿಬೇಕು, ಅಷ್ಟ." ಕೆಳಗೆ ಕೆಂಪು ಕಲ್ಲು. ಅದರ ಮೇಲೆ ಕಂಬ, ಕಂಬದ ತಲೆಯ ಮೇಲೆ ಕೈ ಚಾಚಿದಂತಿರುವ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಎಲ್ಲಿಯೂ ಕಬ್ಬಿಣದ ಮೊಳೆಯಿಲ್ಲ. ಕಟ್ಟಿಗೆಗೆ ಕಟ್ಟಿಗೆಯ ಗೂಟವನ್ನೇ ಹೊಡೆದು ಕೂಡಿಸಿದ್ದು. ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ದಪ್ಪಗೆ ಮಣ್ಣು, ಕೊನೆಗೆ ನೀರು ಇಳಿಯಬಾರದೆಂದು ಸೌಳು ಮಣ್ಣು. ಇಷ್ಟಾದರೆ ಮಾಳಿಗೆ. ಮಳೆಗಾಲದಲ್ಲಿ ದಿನಾ ಯಾರಾದರೂ ಮೇಲೆ ಹತ್ತಿ, ಬಿರುಕು ಕಂಡಲ್ಲಿ ಬೂದಿ, ಮಣ್ಣು ತುಳಿಯಬೇಕು. ಬಿಟ್ಟರೆ ನೀರು ಇಳಿಯುತ್ತದೆ, ಮಣ್ಣು ನೆಂದು ಭಾರವಾಗುತ್ತದೆ, ತೊಲೆ ಬಾಗುತ್ತದೆ.

ಮೊಟ್ಟಮೊದಲು ನಿಲ್ಲಿಸಿದ ಕಂಬ ಖಾಲಾನ ಮನೆಯ ಕಡೆಯ ಗೋಡೆಯಲ್ಲಿತ್ತು. ಅರ್ಧ ಗೋಡೆಯೊಳಗೆ, ಅರ್ಧ ಹೊರಗೆ. ಹಬ್ಬಕ್ಕೊಮ್ಮೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಕಂಬ ಅನ್ನುತ್ತಿದ್ದೆವು. ಅತ್ತೆಯ ಕಚೇರಿಯೂ ಅದೇ. ಮನೆಯಲ್ಲಿ ಏನು ತಕರಾರು ಬಂದರೂ, "ಕಂಬ ಮುಟ್ಟಿ ಹೇಳು" ಅನ್ನುವರು. ಬೆಲ್ಲದ ಗಡಿಗೆ ಖಾಲಿಯಾದಾಗ ಮೀಸೆ ಹೊತ್ತ ನನ್ನ ಗಂಡ ಕಂಬದ ಮುಂದೆ ನಿಂತು, ಕೈಯನ್ನು ಅರ್ಧ ಎತ್ತಿ, ಮತ್ತೆ ಇಳಿಸಿ, "ನಾನೇ ತಿಂದೀನಿ" ಅಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಬ ಮುಟ್ಟಿ ಸುಳ್ಳು ಹೇಳಿದರೆ ಗೆದ್ದಲು ಮೊದಲು ಆ ಕಂಬಕ್ಕೆ ಹತ್ತುತ್ತದೆ, ಆಮೇಲೆ ಮನೆತನಕ್ಕೆ. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಅಕ್ಕಪಕ್ಕದವರೂ ತಮ್ಮ ಜಗಳ ಹರಿಯದಿದ್ದಾಗ ನಮ್ಮ ಕಂಬದ ಹತ್ತಿರ ಬರುತ್ತಿದ್ದರು.

ಖಾಲಾನ ಮನೆ ಮೂರು ಖಣದ್ದು. ಕಂಬ ಜಾಲಿಯದು, ತೊಲೆ ಬೇವಿನದು. ನಮ್ಮ ಗೋಡೆ, ಅವರ ಗೋಡೆ ಕೈಬೆರಳು ತೂರದಷ್ಟು ಹತ್ತಿರ. ಮಾಳಿಗೆಗಳೂ ಒಂದೇ ಎತ್ತರ. ಮೆಣಸಿನಕಾಯಿ ಒಣಹಾಕುವಾಗ ಯಾರ ಮಾಳಿಗೆ ಯಾವುದು ಅಂತ ಯಾರೂ ನೋಡುತ್ತಿರಲಿಲ್ಲ. ಅವರನ್ನು ಊರೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಅನ್ನುತ್ತಿತ್ತು. ಅತ್ತೆ ಮಾತ್ರ ಅಕ್ಕಾ ಅನ್ನುವರು. ಒಬ್ಬ ಮಗ, ಒಬ್ಬ ಸೊಸೆ, ನಾಲ್ಕು ಆಡು, ಸ್ವಲ್ಪ ಹೊಲ. ಅಷ್ಟೇ ಅವರ ಸಂಸಾರ.

ಆಮೇಲೆ ನಿಜಾಮನ ಪರವಾಗಿ ಊರೂರು ದೋಚುತ್ತಿದ್ದ ರಜಾಕಾರರ ಕಾಲ ಬಂತು. ಖಾಲಾನ ಮಗನನ್ನೂ ತಮ್ಮ ಜೊತೆ ಬಾ ಎಂದು ಕರೆಯಲು ಬಂದಿದ್ದರು. ಖಾಲಾ ಅವನಿಗೆ ಸುಡುವ ಬಿಸಿಲಲ್ಲಿ ಎರಡು ಕೌದಿ ಹೊದಿಸಿ, "ಜ್ವರ ಬಂದಾದ, ಮೈಲಿ ಬ್ಯಾನಿ ಇರಬೇಕು" ಅಂದು ಬಂದವರನ್ನು ಬಾಗಿಲಿಂದಲೇ ಓಡಿಸಿದರು. ಆ ಬೇಸಿಗೆಯಲ್ಲಿ ಊರಿನ ಮನೆಗಳು ಒಂದೊಂದಾಗಿ ಖಾಲಿಯಾದವು. ನಾವೂ ಕುರಿ ಹೊಡೆದುಕೊಂಡು ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆ ಬೀಗರ ಹೊಲಕ್ಕೆ ಹೊರಟೆವು. ಅತ್ತೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಖಾಲಾನ ಕೈಯಲ್ಲಿಟ್ಟರು.

"ಅಕ್ಕಾ, ಬಂಗಾರ ಇಲ್ಲ, ಬೆಳ್ಳಿ ಇಲ್ಲ. ಕಟಗಿ ಅದ. ಮಳಿ ಬರ್ತದ."

"ಹೋಗಿ ಬಾ ತಂಗಿ. ನಿನ್ನ ಕಟಗಿ ನನ್ನ ಜಿಮ್ಮಾ" ಅಂದರು ಖಾಲಾ.

ಆ ಮಳೆಗಾಲವಿಡೀ ಅತ್ತೆ ಪರರ ಹೊಲದ ಗುಡಿಸಲಲ್ಲಿ ಕೂತು ಮೋಡ ನೋಡುತ್ತಿದ್ದರು. ನಮ್ಮ ತಲೆಯ ಮೇಲಿನ ಗುಡಿಸಲು ಸೋರಿದರೆ ಚಿಂತೆಯಿಲ್ಲ. ಸಾಯಗಾಂವದಲ್ಲಿ ಎಷ್ಟು ಹೊಯ್ದಿತೋ, ಮಾಳಿಗೆಗೆ ಯಾರು ಹತ್ತಿದರೋ, ಅದೊಂದೇ ಮಾತು. ಮಿಲಿಟರಿ ಬಂತು, ರಜಾಕಾರರು ಚದುರಿದರು, ನಿಜಾಮ ಶರಣಾದ ಅಂತ ಸುದ್ದಿ ಬಂದಾಗ ಎಲ್ಲರೂ ಕುಣಿದರು. ಅತ್ತೆ, "ಹಂಗಾದ್ರ ನಡೀರಿ, ಮಾಳಗಿ ನೋಡಬೇಕು" ಅಂದರು. ಪೊಲೀಸ್ ಆಕ್ಷನ್ ಅನ್ನುವ ಹೆಸರನ್ನು ನಾವು ಕೇಳಿದ್ದು ಆಮೇಲೆ.

ಊರ ಹತ್ತಿರ ಬಂದಾಗ ನಮ್ಮ ಮನೆಯ ನಡುವಿನಿಂದ ಆಕಾಶ ಕಾಣುತ್ತಿತ್ತು. ಮಾಳಿಗೆ ಇರಲಿಲ್ಲ. ಮೂರು ಕಡೆಯ ಗೋಡೆ ಕರಗಿ ಮಣ್ಣುಗುಡ್ಡೆಯಾಗಿತ್ತು. ಖಾಲಾನ ಕಡೆಯ ಗೋಡೆಯೊಂದು ನಿಂತಿತ್ತು. ಕಂಬ, ತೊಲೆ ಬಯಲಲ್ಲಿ ನಿಂತಿದ್ದವು, ಮಾಂಸವೆಲ್ಲ ಹೋಗಿ ಎಲುಬು ಉಳಿದ ಹಾಗೆ. ಜಂತಿ ಒಂದೂ ಇಲ್ಲ. ಬಾಗಿಲಿಲ್ಲ, ಚೌಕಟ್ಟಿಲ್ಲ. ಪಕ್ಕದಲ್ಲಿ ಖಾಲಾನ ಮನೆ ಮಾಳಿಗೆ ಸಮೇತ ಗಟ್ಟಿಯಾಗಿ ನಿಂತು, ಬಾಗಿಲಿಗೆ ಬೀಗ ಹಾಕಿತ್ತು.

ಖಾಲಾನವರು ಬೀದರಿಗೆ ಓಡಿಹೋಗಿದ್ದರು. ಈಗ ಅಂಜಿಕೆ ಅವರ ಪಾಲಿನದಾಗಿತ್ತು. ರಜಾಕಾರರು ಮಾಡಿದ್ದಕ್ಕೆ, ಏನೂ ಮಾಡದವರು ಅನೇಕ ಊರುಗಳಲ್ಲಿ ದಂಡ ತೆರುತ್ತಿದ್ದರು. ಅದನ್ನು ಕಂಡವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಅತ್ತೆಗೆ ಆ ಹೊತ್ತು ಅದಾವುದೂ ತಲೆಗೆ ಹೋಗಲಿಲ್ಲ. ಬೀದಿಯಲ್ಲಿ ನಿಂತು ಎರಡೂ ಕೈಯಿಂದ ಮಣ್ಣು ತೂರಿದರು.

"ಕೀಲಿ ಕೈಗ ಕೊಟ್ಟು ಹೋಗಿದ್ದೆ! ನನ್ನ ಮಾಳಗಿ ತಿಂದ ಮನಿ ಮ್ಯಾಲ ಮಾಳಗಿ ನಿಲ್ಲದೆ ಹೋಗಲಿ!"

ಓಣಿಯೆಲ್ಲ ಕೇಳಿಸಿಕೊಂಡಿತು. ಶಾಪ ಕೇಳುವುದಕ್ಕೆ ಜನ ಕಿವಿ ತೆರೆದೇ ಇಟ್ಟಿರುತ್ತಾರೆ.

ಮರುದಿನ ಬೆಳಿಗ್ಗೆ ಊರಿನ ಕೆಲವರು ಹಾರೆ, ಕೊಡಲಿ ಹಿಡಿದು ಬಂದರು. ಎಲ್ಲರೂ ಕೆಟ್ಟವರಲ್ಲ. ಒಬ್ಬನ ಮನೆಯನ್ನು ರಜಾಕಾರರು ಸುಟ್ಟಿದ್ದರು, ಅವನ ಸಿಟ್ಟು ಸುಳ್ಳಲ್ಲ. "ಎವ್ವಾ, ನಿಮ್ಮ ಮಾತಿನಂಗ ಮಾಡ್ತೇವಿ. ಈ ಮನಿ ಕೆಡವಿ ನಿಮ್ಮ ಕಟಗಿ ನಿಮಗ ಕೊಡ್ತೇವಿ. ಉಳದದ್ದು ನಮಗ" ಅಂದರು. ಅತ್ತೆ ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವರು ಬೀಗ ಮುರಿದರು. ಒಳಗೆ ಹೋದವನು ಕೂಗಿದ. "ಬರ್ರಿ, ಬರ್ರಿ! ಕಳವಿನ ಮಾಲು ಇಲ್ಲೇ ಅದ!"

ಅತ್ತೆ ಒಳಗೆ ಹೋದರು. ಹಿಂದೆ ನಾನು. ಆ ಮೂರು ಖಣದ ಮನೆಯಲ್ಲಿ ಒಂದು ಇಡೀ ಖಣದ ತುಂಬ ನಮ್ಮ ಜಂತಿ, ನಮ್ಮ ಬಾಗಿಲು, ನಮ್ಮ ಚೌಕಟ್ಟು. ಅವರ ಹಾಸಿಗೆ, ಗಡಿಗೆ ಎಲ್ಲ ಉಳಿದ ಜಾಗದಲ್ಲಿ ಒಂದರ ಮೇಲೊಂದು ಒಟ್ಟಿದ್ದವು. ಜಂತಿಗಳು ನೆಲಕ್ಕೆ ತಾಗದಂತೆ ಕೆಳಗೆ ಕಲ್ಲು ಕೊಟ್ಟಿದ್ದರು. ಐದು ಖಣದ ಜಂತಿ ಐದು ಹೊರೆ. ಒಂದು ಖಣದ್ದು ಇನ್ನೊಂದರಲ್ಲಿ ಬೆರೆತಿರಲಿಲ್ಲ. ತುದಿ ತುದಿಗೆ ಅಗಸೆ ಎಣ್ಣೆ ಸವರಿ, ಹಸಿರು ಬಟ್ಟೆಯ ತುಂಡು ಸುತ್ತಿದ್ದರು. ಆ ಹಸಿರು ಸೀರೆಯನ್ನು ಖಾಲಾ ನನ್ನ ಮದುವೆಯಲ್ಲಿ ಉಟ್ಟಿದ್ದು ನನಗೆ ನೆನಪಿತ್ತು. ಅವರ ಹತ್ತಿರ ಇದ್ದ ಒಳ್ಳೆಯ ಸೀರೆ ಅದೊಂದೇ.

ಅತ್ತೆ ಒಂದು ತುದಿಯನ್ನು ಮೂಸಿ ನೋಡಿದರು. ಹೊರಗೆ ಬಂದು ನಮ್ಮ ತೊಲೆಗಳ ಕಡೆ ಕತ್ತೆತ್ತಿದರು. ನಿನ್ನೆ ಸಿಟ್ಟಿನಲ್ಲಿ ಕಾಣದ್ದು ಇವತ್ತು ಕಂಡಿತು. ಬೋದಿಗೆ ಮತ್ತು ತೊಲೆ ಕೂಡುವ ಪ್ರತಿಯೊಂದು ಕಡೆಯೂ ಅದೇ ಹಸಿರು ಬಟ್ಟೆ, ಎಣ್ಣೆಯ ಹೊಳಪು. ಮಾಳಿಗೆ ಸೋರಿ, ಮಣ್ಣು ನೆಂದು, ತೊಲೆ ಬಾಗಲು ಶುರುವಾದಾಗ ಖಾಲಾ ಮತ್ತು ಅವರ ಮಗ ಭಾರ ಇಳಿಸಿದ್ದರು. ಮಣ್ಣನ್ನು ಬಿಟ್ಟುಕೊಟ್ಟು ಕಟ್ಟಿಗೆ ಉಳಿಸಿದ್ದರು. ಮಾಳಿಗೆ ಇಲ್ಲದ ಮೇಲೆ ಗೋಡೆ ಮಳೆಗೆ ಕರಗಿತು. ಅಂಗಿ ಹೋಗಲಿ, ಜೀವ ಇರಲಿ ಅಂತ ಬಿಟ್ಟಿದ್ದರು.

"ಕಳ್ಳ ಖಣದ ಲೆಕ್ಕ ಹಿಡದು ಹೊರಿ ಕಟ್ತಾನೇನು?" ಅಂದರು ಅತ್ತೆ.

ಅಷ್ಟರಲ್ಲಿ ಇಬ್ಬರು ಖಾಲಾನ ಮಾಳಿಗೆಗೆ ಹತ್ತಿ ಮಣ್ಣು ತೋಡತೊಡಗಿದ್ದರು. "ಇಳೀರಪ್ಪಾ, ನಂದೇ ತಪ್ಪಾತು, ಆಕಿ ಕಳ್ಳಿ ಅಲ್ಲ" ಅಂದರು ಅತ್ತೆ. ಮೇಲಿದ್ದವನು ನಕ್ಕ. "ನಿನ್ನಿ ಹಂಗ, ಇವತ್ತ ಹಿಂಗ! ನಿಮ್ಮ ಕಟಗಿ ನೀವು ಒಯ್ರಿ ಎವ್ವಾ. ಅವರ ಕಟಗಿ ನಾವು ಒಯ್ತೇವಿ."

ತಾನು ಬಾಯಾರೆ ಹಾಕಿದ ಶಾಪ ಕಣ್ಣೆದುರೇ ಹಾರೆ ಹಿಡಿದು ನಿಂತಿತ್ತು. ಅತ್ತೆ ನಮ್ಮ ಬಯಲು ಮನೆಯೊಳಗೆ ನಡೆದು, ದೇವರ ಕಂಬದ ಮೇಲೆ ಬಲಗೈ ಇಟ್ಟರು.

"ಈ ಕಂಬದ ಆಣಿ! ಅವರ ತೊಲಿ ನನ್ನ ಈ ಕಂಬದ ಮ್ಯಾಲ ಕುಂತದ. ಅದು ಕಿತ್ರ ನನ್ನ ಮನಿ ಕಡಕೊಂಡು ಬೀಳ್ತದ. ಗಂಡಸತ್ತಾಕಿ ಮನಿ ಕೆಡವ್ತೀರೇನು, ಕೆಡವ್ರಿ!"

ಖಾಲಾನ ಮನೆಗೆ ಸುಣ್ಣ ಹಚ್ಚಲು ಹೋದಾಗ ನಾನೇ ನೋಡಿದ್ದೆ, ಅವರ ತೊಲೆ ಅವರದೇ ಜಾಲಿ ಕಂಬದ ಮೇಲೆ ಕೂತಿತ್ತು. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೆ ನಡುವೆ ಎರಡು ಗೋಡೆ. ಹೊರಗಿನವರಿಗೆ ಕಾಣುವಂತಿಲ್ಲ.

"ಗ್ವಾಡಿ ಒಂದೀಟು ಕೆದರಿ ನೋಡಮು" ಅಂದ ಒಬ್ಬ.

ಅತ್ತೆ ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟರು. "ಮೂರು ಗ್ವಾಡಿ ಮಳಿ ತಿಂದದ. ಉಳದದ್ದು ಇದೊಂದ. ಇದಕ್ಕ ಹಾರಿ ಹಾಕಾಂವ ಮೊದಲು ನನಗ ಹಾಕಲಿ."

ಮನೆ ಸುಟ್ಟುಹೋಗಿದ್ದವನೇ ಮೊದಲು ಹಾರೆ ಕೆಳಗಿಟ್ಟ. "ಕಂಬ ಮುಟ್ಟ್ಯಾರ. ನಡೀರಿ" ಅಂದ. ಉಳಿದವರು ಗೊಣಗುತ್ತ ಮಾಳಿಗೆ ಇಳಿದರು. ಅವನಿಗೆ ನಾನು ಇವತ್ತಿಗೂ ಋಣಿ. ನಂಬಿ ಹೋದನೋ, ನಂಬಿದಂತೆ ಮಾಡಿ ಹೋದನೋ ತಿಳಿಯದು.

ಅವರು ಹೋದ ಮೇಲೆ ಅತ್ತೆಗೆ ಊಟ ಸೇರಲಿಲ್ಲ. ಕಂಬದ ಬುಡದಲ್ಲಿ ಗೆದ್ದಲು ಬಂದಿದೆಯೋ ಎಂದು ಗಳಿಗೆಗೊಮ್ಮೆ ಬಗ್ಗಿ ನೋಡುವರು. ನನ್ನ ಗಂಡ ಸಮಾಧಾನ ಹೇಳಿದ. "ಒಳ್ಳೇದಕ್ಕ ಹೇಳಿದ ಸುಳ್ಳ ಎವ್ವಾ, ದೇವ್ರು ಮಾಫ್ ಮಾಡ್ತಾನ."

"ದೇವ್ರು ಮಾಡ್ತಾನ. ಕಂಬ ಮಾಡಲ್ಲ. ಬಡಿಗ್ಯಾಗ ಕರಕೊಂಡು ಬಾ."

ಬಡಿಗ ಬಂದು, ಕೇಳಿ, ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದು ಮತ್ತೆ ಸಿಕ್ಕಿಸಿಕೊಂಡ. "ಅವರ ತೊಲಿ ನಿಮ್ಮ ಕಂಬದ ಮ್ಯಾಲ ಕೂಡಿಸಬೇಕಾ? ಯಾಕ್ರಿ? ಅದು ಅಲ್ಲೇ ಆರಾಮ ಅದಲ್ಲ!"

"ಕುಂತದ ಅಂತ ಹೇಳೀನಿ. ಕುಂದ್ರಬೇಕು."

"ಇಷ್ಟು ಮನಿ ಕಟ್ಟೀನಿ ಎವ್ವಾ, ಮಾತು ಹೊರೂ ಕಂಬ ಇದೇ ಮೊದಲು ನೋಡೂದು" ಅಂದ. ಆದರೆ ಕೆಲಸಕ್ಕೆ ಕೂತ. ಎರಡೂ ಗೋಡೆ ತೂರಿ ಖಾಲಾನ ತೊಲೆಯ ಕೆಳಗಿನಿಂದ ನಮ್ಮ ಬೋದಿಗೆಯ ತನಕ ಬರುವಂಥ, ಭಾರ ಹೊರುವಂಥ ಒಂದು ತೊಲೆ ಬೇಕಾಗಿತ್ತು. ಹೊಸ ಸಾಗವಾನಿ ಆ ಹೊತ್ತಿನಲ್ಲಿ ಎಲ್ಲಿಂದ ತರುವುದು? ಅತ್ತೆ ನಮ್ಮ ಮನೆಯ ಕೊನೆಯ ಖಣದ ತೊಲೆಗೆ ಕೈ ತೋರಿಸಿದರು. ಬಡಿಗ ಎರಡು ಸಲ ಕೇಳಿದ. ಎರಡು ಸಲವೂ ಅದನ್ನೇ ತೋರಿಸಿದರು. ತೊಲೆ ಇಳಿಯುವಾಗ ಮುಖ ತಿರುಗಿಸಿ ನಿಂತಿದ್ದರು. ಹೀಗೆ, ಐದು ಖಣದ ಮನೆಗೆ ಸೊಸೆಯಾಗಿ ಬಂದ ನಾನು ನಾಲ್ಕು ಖಣದ ಮನೆಯಲ್ಲಿ ಬಾಳ್ವೆ ಮಾಡಿದೆ. ಅದೇ ನಾಲ್ಕು ಖಣದಲ್ಲಿ ನನ್ನ ಮಕ್ಕಳೆಲ್ಲ ಹುಟ್ಟಿದರು, ಯಾರಿಗೂ ಜಾಗ ಕಡಿಮೆ ಬೀಳಲಿಲ್ಲ. ಈಗ ಸ್ಲ್ಯಾಬಿನ ಮನೆ ಕಟ್ಟಬೇಕೆಂದು ಹುಡುಗರು ಹೊರಟಾಗಲೆಲ್ಲ ಮೇಸ್ತ್ರಿ ಬಂದು ನೋಡಿ, "ಇದು ತೆಗದ್ರ ಅದೂ ಬೀಳ್ತದ, ಬಾಜೂದವರಿಗಿ ಕೇಳ್ರಿ" ಅಂತ ಹೇಳಿ ಹೋಗುತ್ತಾನೆ. ಬಾಜೂದವರು ಮೇಸ್ತ್ರಿಯನ್ನು ಕರೆಸಿದರೂ ಅದೇ ಮಾತು. ನನಗೆ ಒಳಗೊಳಗೇ ಸಂತೋಷ.

ಗೋಡೆ ಎದ್ದು, ಜಂತಿಗಳು ತಮ್ಮ ತಮ್ಮ ಜಾಗಕ್ಕೆ ಸೇರಿ, ಮಾಳಿಗೆಗೆ ಮಣ್ಣು ಬಿದ್ದ ಮೇಲೆ, ದಾರಿ ಶಾಂತವಾಗಿದೆ ಎಂದು ಕೇಳಿಕೊಂಡು ಅತ್ತೆಯೂ ನಾನೂ ಭಾಲ್ಕಿಯಲ್ಲಿ ರೈಲು ಹತ್ತಿ ಬೀದರಿಗೆ ಹೋದೆವು. ಖಾಲಾ ಕೋಟೆಯ ಹತ್ತಿರದ ಓಣಿಯೊಂದರಲ್ಲಿ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಬಹಳ ಸೊರಗಿದ್ದರು. ನಮ್ಮನ್ನು ಕಂಡು ಏಳಲು ಹೋಗಿ ಏಳಲಾಗದೆ ಕೂತರು. ಮೊದಲು ಕೇಳಿದ್ದು ತಮ್ಮ ಮನೆಯನ್ನಲ್ಲ.

"ಮಣ್ಣು ನಾನೇ ಇಳಸ್ದೆ ತಂಗಿ. ತೊಲಿ ಮುರೀತಿತ್ತು. ಸಿಟ್ಟ ಬಂದಾದೇನು?"

"ಬಂದಿತ್ತು. ಒಂದು ದಿನ ಶಾಪ ಹಾಕಿನಿ ಅಕ್ಕಾ, ಓಣಿ ಕೇಳೂಹಂಗ. ವಾಪಸ್ ತಗೊಂಡೀನಿ, ಅದೂ ಓಣಿ ಕೇಳೂಹಂಗ. ನಿನ್ನ ಮನಿ ನಿಂತದ. ನಡಿ."

ಖಾಲಾ ನಂಬಲಿಲ್ಲ. ಬೀದರಿಗೆ ಬಂದ ಎಲ್ಲರ ಮನೆಯೂ ಹೋಗಿದೆ, ತನ್ನದೊಂದು ಹೇಗೆ ಉಳಿದೀತು ಎಂದು ದಾರಿಯುದ್ದಕ್ಕೂ ಮಗನನ್ನು ಕೇಳುತ್ತ ಬಂದರು. ಓಣಿಯ ತಿರುವಿನಲ್ಲಿ ಮಾಳಿಗೆ ಕಂಡಾಗ ಅಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಗಿಲು ತೆಗೆದು ಒಳಗೆ ಹೋದರು. ಮರುಗಳಿಗೆಯೇ ಒಳಗಿನಿಂದ ಅವರ ಹಳೆಯ ದನಿ ಕೇಳಿಸಿತು.

"ಅಗೇ! ನನ್ನ ಗ್ವಾಡಿಗಿ ತೂತು ಯಾರು ಹೊಡದಾರ? ನನ್ನ ತೊಲಿ ಕೆಳಗ ಇದು ಯಾರ ಕಟಗಿ? ನಾ ಇಲ್ಲದಾಗ ನನ್ನ ಮನಿ ಹಿಡಕೊಂಡಿಯೇನು ತಂಗಿ?"

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಹಾರೆ ಹಿಡಿದು ಬಂದವರು, ತಾವು ಕಂಬ ಮುಟ್ಟಿದ್ದು, ಬಡಿಗನನ್ನು ಕರೆಸಿದ್ದು. ಒಂದನ್ನೂ ಬಿಡಲಿಲ್ಲ. "ಸುಳ್ಳ ಹೇಳಿದ್ದೆ ಅಕ್ಕಾ. ಈಗ ಖರೇ ಅದ" ಅಂದರು.

ಖಾಲಾ ಹೊರಗೆ ಬಂದು, ಸುತ್ತು ಹಾಕಿ ನಮ್ಮ ಮನೆಯೊಳಗೆ ಬಂದರು. ಅರಿಶಿನ ಹಚ್ಚಿದ ಕಂಬವನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಬೋದಿಗೆಯ ಮೇಲೆ ಬಂದು ಕೂತ ತೊಲೆಯ ತುದಿ ನೋಡಿದರು. ಅದರ ಮೇಲಿನ ಹಸಿರು ಬಟ್ಟೆಯನ್ನು ಬಡಿಗ ಬಿಚ್ಚಿರಲಿಲ್ಲ. ಆಮೇಲೆ ಈ ಕಡೆಯಿಂದ ಆ ಕಡೆಗೆ ಬೆರಳು ಮಾಡಿ ಎಣಿಸಿದರು.

"ಒಂದ, ಎರಡ, ಮೂರ, ನಾಕ." ಮತ್ತೊಮ್ಮೆ ಎಣಿಸಿದರು. "ತಂಗಿ, ನಾ ಐದು ಖಣ ಜೋಪಾನ ಮಾಡಿ ಇಟ್ಟಿದ್ದೆ. ಐದನೇದು ಎಲ್ಲಿ?"

ಅತ್ತೆ ಗೋಡೆಯ ಕಡೆ ಕೈ ಮಾಡಿದರು.

"ನಿನ್ನ ಮನ್ಯಾಗ ಅದ, ಅಕ್ಕಾ."